ಕಂಡು ಅಳೆದಿದ್ದೇನೆ

ಯಾವ ಕೋಣೆಗೆ ಕಾಲಿಟ್ಟರೂ ಅವರು ಮೊದಲು ಗೋಡೆಯನ್ನು ಮಾತನಾಡಿಸುತ್ತಿದ್ದರು. ಬಾಗಿಲಲ್ಲೇ ನಿಂತು, ಬಲಗೈಯ ನಡುಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿ, ತಲೆ ಓರೆ ಮಾಡಿ ಕೇಳಿ, ಚಾವಣಿಯ ನಾಲ್ಕೂ ಮೂಲೆಗೆ ಒಮ್ಮೆ ಕಣ್ಣು ಹಾಯಿಸಿ, ಆಮೇಲೆಯೇ ಕುರ್ಚಿ ಎಳೆದುಕೊಳ್ಳುವುದು. ಆಸ್ಪತ್ರೆಯಾಗಲಿ, ಬ್ಯಾಂಕಾಗಲಿ, ಸ್ವಂತ ತಂಗಿಯ ಮನೆಯಾಗಲಿ, ಈ ವಿಧಿ ತಪ್ಪುತ್ತಿರಲಿಲ್ಲ. ನಮ್ಮ ಶಾಲೆಯ ಮಕ್ಕಳು ಅವರಿಗೆ ಟಕ್‌ಟಕ್ ಸಾರ್ ಎಂದು ಹೆಸರಿಟ್ಟಿದ್ದರು. ನಾವು ಶಿಕ್ಷಕರೂ ಬೆನ್ನ ಹಿಂದೆ ಹಾಗೆಯೇ ಕರೆಯುತ್ತಿದ್ದೆವು. ಶಾಲೆಯ ಕೋಣೆ, ಚರಂಡಿ, ನೀರಿನ ತೊಟ್ಟಿ ಎಂದು ಸಾರ್ವಜನಿಕರ ದುಡ್ಡಿನಲ್ಲಿ ಏಳುವ ಸಣ್ಣಪುಟ್ಟ ಕಟ್ಟಡಗಳನ್ನೆಲ್ಲ ಅಳೆದು, ಅಳತೆ ಪುಸ್ತಕದಲ್ಲಿ ಬರೆದು ಸಹಿ ಮಾಡುವ ಇಂಜಿನಿಯರು ಅವರು. ಆ ಸಹಿ ಬೀಳದೆ ಗುತ್ತಿಗೆದಾರನ ಬಿಲ್ಲು ಮುಂದಕ್ಕೆ ಹೋಗುತ್ತಿರಲಿಲ್ಲ.

ಬೂದುಬಣ್ಣದ ಅವರ ಕೋಟು ಮೈಗಿಂತ ಎರಡು ಅಳತೆ ದೊಡ್ಡದು. ಅದರ ಬಲಜೇಬಿನಲ್ಲಿ ಗೋಡೆಯ ನೇರ ನೋಡುವ ತೂಗುಗುಂಡು ಸದಾ ಇರುತ್ತಿದ್ದುದರಿಂದ ಕೋಟು ಒಂದು ಪಕ್ಕಕ್ಕೆ ಜೋತು, ಆ ಜೋಲಿಗೆ ನಡಿಗೆಯೂ ವಾಲಿ, ಊರಿನ ಗೋಡೆಗಳ ನೇರ ನೋಡುವ ಮನುಷ್ಯ ತಾನು ಮಾತ್ರ ನೇರವಾಗಿ ನಡೆದದ್ದನ್ನು ಯಾರೂ ಕಂಡಿರಲಿಲ್ಲ. ಮಾತೋ, ಅಳೆದು ತೂಗಿದ್ದು. "ಚೆನ್ನಾಗಿದ್ದೀರಾ ಸಾರ್?" ಎಂದರೆ "ಸದ್ಯಕ್ಕೆ" ಎನ್ನುವರು. "ಮಗಳು ಪಾಸಾದಳಂತೆ?" ಎಂದರೂ "ಸದ್ಯಕ್ಕೆ." ಮೇಲಧಿಕಾರಿಯ ಜೀಪಿನ ಸದ್ದು ಕೇಳಿದರೆ ಸಾಕು, ಕೂತಲ್ಲಿಂದ ಎದ್ದು ನಿಂತು ಕೋಟಿನ ಗುಂಡಿ ತಡಕುತ್ತಿದ್ದರು. "ಹುಲಿಗೆ ಹೆದರೋರು ಉಂಟು, ಹುಲಿಯ ಚಿತ್ರಕ್ಕೂ ಹೆದರೋರು ಇವರೇ" ಎಂದು ಶಿಕ್ಷಕರ ಕೋಣೆಯಲ್ಲಿ ನಗಿಸಿದವನು ನಾನು. ಆ ನಗೆಯನ್ನು ನೆನೆದರೆ ಈಗ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ನಮ್ಮ ಶಾಲೆಗೆ ದೊಡ್ಡದೊಂದು ಹೊಸ ಕೋಣೆ ಮಂಜೂರಾಯಿತು. ಚಾವಣಿಗೆ ಕಾಂಕ್ರೀಟು ಸುರಿಯುವ ಮುನ್ನ, ಹಲಗೆಗಳ ಮೇಲೆ ಕಟ್ಟಿದ ಕಬ್ಬಿಣದ ಕಂಬಿಗಳನ್ನು ಇಂಜಿನಿಯರು ಬಂದು ಎಣಿಸಬೇಕು, ಅಳೆಯಬೇಕು. ಸುರಿದ ಮೇಲೆ ಒಳಗಿರುವುದು ಯಾರ ಕಣ್ಣಿಗೂ ಬೀಳದು. ಗುತ್ತಿಗೆದಾರ ರಜೆಯ ದಿನ ನೋಡಿ ಕೆಲಸ ಮುಗಿಸಿಬಿಟ್ಟ. ಸುದ್ದಿ ತಿಳಿದು ಇವರು ಓಡಿಬರುವಷ್ಟರಲ್ಲಿ ಚಾವಣಿಯ ಮೇಲೆ ಹಸಿ ಕಾಂಕ್ರೀಟು ಕನ್ನಡಿಯ ಹಾಗೆ ಮಟ್ಟಸವಾಗಿ ಹೊಳೆಯುತ್ತಿತ್ತು.

"ಮೋಡ ಕಟ್ಕೊಂಡು ಬಂತು ಸಾರ್, ಅದಕ್ಕೇ ಬೇಗ ಬೇಗ ಸುರಿದ್ವಿ. ಒಳಗೆ ಎಲ್ಲಾ ಸರಿಯಾಗೇ ಇದೆ" ಎಂದ ಗುತ್ತಿಗೆದಾರ.

ಎರಡು ತಿಂಗಳು ಇವರು ಸಹಿ ಹಾಕಲಿಲ್ಲ. ವರ್ಷದ ಕೊನೆ ಬಂತು. ಅನುದಾನ ಖರ್ಚಾಗದಿದ್ದರೆ ವಾಪಸು ಹೋಗುತ್ತದೆಂದು ಕಚೇರಿಯಿಂದ ಕಚೇರಿಗೆ ಫೋನು ಹಾರಾಡಿತು. ಕೊನೆಗೆ ಮೇಲಧಿಕಾರಿಯೇ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಬಂದು ಕೂತು ಇವರನ್ನು ಕರೆಸಿದರು. "ಕಂಬಿ ಕಾಣಲ್ಲ ಅಂದ್ರೆ ಇಲ್ಲ ಅಂತಲೇನ್ರೀ? ನಿಮ್ಮ ಮೈಯೊಳಗಿನ ಮೂಳೆ ಕಾಣುತ್ತಾ? ಹಾಕ್ರೀ ಸಹಿ." ಗುಂಡಿ ತಡಕುತ್ತಿದ್ದ ಬೆರಳು ಪೆನ್ನು ಹಿಡಿಯಿತು. 'ಕಂಡು ಅಳೆದಿದ್ದೇನೆ' ಎಂದು ಬರೆದು ಸಹಿ ಮಾಡಿದರು. ಕೆಳಗೆ, ಶಾಲೆಯ ಪರವಾಗಿ ಸಾಕ್ಷಿ ಎಂಬಲ್ಲಿ, ನನ್ನದೂ ಒಂದು ಸಹಿ. ನನ್ನ ಕೈ ನಡುಗಲಿಲ್ಲ, ಪೀರಿಯಡ್ಡಿಗೆ ತಡವಾಗಿತ್ತು.

ಹೊಸ ಕೋಣೆಯಲ್ಲಿ ನನ್ನದೇ ತರಗತಿ, ನಲವತ್ತೆರಡು ಮಕ್ಕಳು. ಪಾಠ ಶುರುವಾದ ದಿನದಿಂದ ಇಂಜಿನಿಯರು ಪ್ರತಿ ಬೆಳಿಗ್ಗೆ ಗಂಟೆ ಹೊಡೆಯುವ ಮುಂಚೆ ಹಾಜರು. ಕಂಬ ತಟ್ಟುವರು, ಕತ್ತು ನೋಯುವ ತನಕ ಮೇಲೆ ನೋಡುವರು. "ಏನ್ಸಾರ್, ಇನ್ನೂ ಬಿದ್ದಿಲ್ವಾ ಅಂತ ನೋಡೋಕೆ ಬಂದ್ರಾ?" ಎಂದು ಒಂದು ದಿನ ಚೇಷ್ಟೆ ಮಾಡಿದೆ. ಅವರು ಎರಡೂ ಕೈ ಮುಗಿದರು. "ಮೇಷ್ಟ್ರೇ, ನಿಮ್ಮ ದಮ್ಮಯ್ಯ, ಆ ಮಾತು ಆಡ್ಬೇಡಿ" ಎಂದರು. ಮಾರನೆಯ ವಾರ ಏಣಿ ತರಿಸಿ, ಚಾವಣಿಯ ನಟ್ಟನಡುವೆ ಕೂದಲೆಳೆಯಷ್ಟು ಸಣ್ಣ ಬಿರುಕಿನ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ತಾರೀಕು ಬರೆದರು. ಇನ್ನೆರಡು ವಾರಕ್ಕೆ ಬಿರುಕು ಆ ಗೆರೆಯನ್ನು ದಾಟಿತ್ತು. ಇನ್ನೊಂದು ಗೆರೆ, ಇನ್ನೊಂದು ತಾರೀಕು. ಬೆಂಚುಗಳನ್ನು ಗೋಡೆಯ ಬದಿಗೆ ಸರಿಸಿ ನಡುವೆ ಖಾಲಿ ಬಿಡುವಂತೆ ಕೇಳಿಕೊಂಡರು. ಯಾಕೆಂದು ಕೇಳಿದರೆ, "ಗಾಳಿ ಆಡಲಿ" ಅಂದರು.

ಒಂದು ಮಧ್ಯಾಹ್ನ ಮಕ್ಕಳು ಉಕ್ತಲೇಖನ ಬರೆಯುತ್ತಿದ್ದಾಗ ಉಗುರಿನಷ್ಟು ಗಾರೆಯ ಚೂರೊಂದು ಒಬ್ಬ ಹುಡುಗಿಯ ಪುಸ್ತಕದ ಮೇಲೆ ಟಪ್ಪೆಂದು ಬಿತ್ತು. ಅವಳು ಅದನ್ನು ಉಫ್ ಎಂದು ಊದಿ, ಮುಂದಿನ ಪದಕ್ಕಾಗಿ ನನ್ನ ಮುಖ ನೋಡಿದಳು. ನನ್ನ ಕಣ್ಣು ಚಾವಣಿಗೆ ಹೋಯಿತು. ಅಂದು ಸಂಜೆ, ಮತ್ತೊಮ್ಮೆ ನೋಡಿಹೋಗಲು ಬಂದ ಇಂಜಿನಿಯರನ್ನು ಗೇಟಿನ ಬಳಿ ತಡೆದು ನಿಲ್ಲಿಸಿದೆ.

"ಒಳಗೆ ಕಂಬಿ ಎಷ್ಟಿದೆ, ನಿಜ ಹೇಳಿ."

"ಗೊತ್ತಿಲ್ಲ ಮೇಷ್ಟ್ರೇ. ನೋಡಿದ್ರೆ ತಾನೇ ಗೊತ್ತಾಗೋದು? ರಾತ್ರಿಯೆಲ್ಲಾ ಎಣಿಸ್ತೀನಿ, ಒಂದೊಂದು ಸಲ ಒಂದೊಂದು ಲೆಕ್ಕ ಬರುತ್ತೆ."

"ಹಾಗಾದ್ರೆ ಬರೆದುಕೊಡಿ, ಒಡೆದು ನೋಡಲಿ."

"ಬರೆದ್ರೆ ಮೊದಲು ಬರೆದದ್ದು ಸುಳ್ಳು ಅಂತಾಗುತ್ತಲ್ಲ. ಕೆಲಸ ಹೋಗುತ್ತೆ. ಮಗಳು, ತಂಗಿ, ತಂಗಿಯ ಮಕ್ಕಳು, ಎಲ್ಲಾ ನನ್ನ ಮೇಲೇ ಇದ್ದಾರೆ." ಆಮೇಲೆ ಮೆಲ್ಲಗೆ ಅಂದರು: "ಸಾಕ್ಷಿ ಸಹಿ ನಿಮ್ಮದೇ ಅಲ್ವಾ?"

ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ ಅಂದಿನಿಂದ ನನ್ನ ಬಾಯಿಗೂ ಬಂತು. ಮರುದಿನದಿಂದ ನಾನು ಒಂದು ಕಣ್ಣು ಪುಸ್ತಕದ ಮೇಲೆ, ಒಂದು ಕಣ್ಣು ಚಾವಣಿಯ ಮೇಲೆ ಇಟ್ಟು ಪಾಠ ಮಾಡಿದೆ. ಮಕ್ಕಳನ್ನು ಹೊರಗೆ ಕೂರಿಸಲು ಮಾತ್ರ ಧೈರ್ಯ ಬರಲಿಲ್ಲ; ಯಾಕೆಂದು ಕೇಳಿದರೆ ಏನು ಹೇಳುವುದು?

ವರ್ಷಕ್ಕೊಮ್ಮೆ, ಶಾಲೆಗೆ ಬಂದ ಅನುದಾನದಿಂದ ಏನೇನು ಆಯಿತೆಂದು ಪೋಷಕರ ಎದುರು ಓದಿ ಹೇಳುವ ಸಭೆ ಇರುತ್ತಿತ್ತು. ಓದುವವರು ಓದುತ್ತಿದ್ದರು, ಕೇಳುವವರು ಆಕಳಿಸಿ ಚಪ್ಪಾಳೆ ತಟ್ಟಿ ಹೋಗುತ್ತಿದ್ದರು. ಆ ವರ್ಷ ಸಭೆಯನ್ನು ಹೊಸ ಕೋಣೆಯಲ್ಲೇ ಇಟ್ಟರು. ಇನ್ನೂರು ಜನ, ತೊಡೆಯ ಮೇಲೆ ಕೂಸುಗಳು, ಬಾಗಿಲ ತನಕ ಮುದುಕರು, ಗಾಳಿಗೆ ಬಿಟ್ಟಿದ್ದ ನಡುವಿನ ಜಾಗವೂ ಭರ್ತಿ. ಮೇಲಧಿಕಾರಿ ಮತ್ತು ಗುತ್ತಿಗೆದಾರ ಮುಂದಿನ ಸಾಲಿನಲ್ಲಿದ್ದರು. ಓದುವ ಸರದಿ ಇಂಜಿನಿಯರದು. ಚರಂಡಿ ಓದಿದರು, ತೊಟ್ಟಿ ಓದಿದರು, 'ಹೊಸ ಕೊಠಡಿ' ಎಂಬಲ್ಲಿಗೆ ಬಂದು ನಿಂತರು. ಅವರ ಕಣ್ಣು ಮೇಲಕ್ಕೆ ಹೋಯಿತು. ನನ್ನದೂ ಹೋಯಿತು. ಬಿರುಕು ಕೊನೆಯ ತಾರೀಕನ್ನೂ ದಾಟಿ ಗೋಡೆಯ ಕಡೆ ಹೊರಟಿತ್ತು. ಕೈಯ ಕಾಗದ ಪಟಪಟನೆ ನಡುಗುವ ಸದ್ದು ಹಿಂದಿನ ಸಾಲಿನಲ್ಲಿದ್ದ ನನಗೂ ಕೇಳಿಸಿತು.

"ಎಲ್ಲರೂ ಒಬ್ಬೊಬ್ಬರಾಗಿ ಹೊರಗೆ ಹೋಗಿ" ಎಂದರು. "ನೂಕಬೇಡಿ. ಮಕ್ಕಳನ್ನ ಮೊದಲು ಕಳಿಸಿ. ಮಿಕ್ಕಿದ್ದನ್ನ ಅಂಗಳದಲ್ಲಿ ಹೇಳ್ತೀನಿ."

"ಏನ್ರೀ ಇದು ತಮಾಷೆ?" ಎಂದು ಮೇಲಧಿಕಾರಿ ಗದರಿದರು. ಜೀಪಿನ ಸದ್ದಿಗೆ ಬೆದರುವ ಮನುಷ್ಯ ಅಂದು ಅವರ ಕಡೆ ತಿರುಗಿಯೂ ನೋಡಲಿಲ್ಲ. ಅದನ್ನು ಧೈರ್ಯವೆನ್ನಲು ನನಗೆ ಮನಸ್ಸಿಲ್ಲ. ದೊಡ್ಡ ಭಯದ ಮುಂದೆ ಸಣ್ಣ ಭಯ ಸೋತಿತ್ತು, ಅಷ್ಟೆ. ಕೊನೆಯ ಮುದುಕ ಹೊಸ್ತಿಲು ದಾಟುವವರೆಗೆ ಅವರು ಒಳಗೇ, ಬಿರುಕಿನ ಅಡಿಯಲ್ಲೇ ನಿಂತಿದ್ದರು. ಆಮೇಲೆ ಬಿಸಿಲಿಗೆ ಬಂದು, ಕೇಳಿಯೂ ಕೇಳಿಸದ ದನಿಯಲ್ಲಿ ಹೇಳಿದರು: "ಕಂಬಿ ನಾನು ನೋಡಿಲ್ಲ. ನೋಡಿದೀನಿ ಅಂತ ಸುಳ್ಳು ಬರೆದೆ. ಒಡೆದು ನೋಡಿಸಿ."

"ಇನ್ಯಾರು ಸಹಿ ಹಾಕಿದ್ದಾರೆ?" ಎಂದು ಗುಂಪಿನಲ್ಲಿ ಯಾರೋ ಕೂಗಿದರು. ಇಂಜಿನಿಯರು ನನ್ನತ್ತ ನೋಡಲಿಲ್ಲ. "ಅಳೆಯೋ ಕೆಲಸ ನನ್ನದು" ಎಂದಷ್ಟೇ ಹೇಳಿದರು. ನಾನು ತುಟಿ ಬಿಚ್ಚಲಿಲ್ಲ.

ಒಡೆದು ನೋಡಿದರು. ಗೇಣಿಗೊಂದು ಇರಬೇಕಾದ ಕಂಬಿ ಎರಡು ಗೇಣಿಗೊಂದೂ ಇರಲಿಲ್ಲ. ಕೋಣೆಗೆ ಬೀಗ ಬಿತ್ತು, ಗುತ್ತಿಗೆದಾರನಿಗೆ ನೋಟೀಸು ಹೋಯಿತು, ಮೇಲಧಿಕಾರಿ ವರ್ಗವಾಗಿ ಹೋದರು. ಕೆಲಸ ಕಳೆದುಕೊಂಡವರು ತಪ್ಪೊಪ್ಪಿಕೊಂಡವರೊಬ್ಬರೇ.

ಜಗತ್ತು ಧೀರರ ಚರಿತ್ರೆಯನ್ನು ಬರೆದಿಡುತ್ತದೆ. ಅಂಜುಬುರುಕರಿಗೆ ಅದರಲ್ಲಿ ಜಾಗವಿಲ್ಲ. ಆದರೆ ಬರೆದ ಅಕ್ಷರ ನಿಜವಾಗಿರದಿದ್ದರೆ ಯಾರ ತಲೆಯ ಮೇಲೆ ಏನು ಬಿದ್ದೀತೋ ಎಂದು ಬೆವರುವ ಈ ಜಾತಿಯ ಮನುಷ್ಯರು ಕಚೇರಿಗೊಬ್ಬರಾದರೂ ಇರುವುದರಿಂದಲೇ ನಮ್ಮ ಮಕ್ಕಳು ಶಾಲೆಯಿಂದ ಇಡಿಯಾಗಿ ಮನೆಗೆ ಬರುತ್ತಿದ್ದಾರೇನೋ. ಅವರ ಭಯವನ್ನು ನೋಡಿ ನಾವು ನಗುತ್ತೇವೆ. ನಾನೂ ನಕ್ಕವನೇ, ಸಹಿ ಹಾಕಿದವನೇ. ನನ್ನನ್ನು ಇವತ್ತಿಗೂ ಯಾರೂ ಏನೂ ಕೇಳಿಲ್ಲ, ಪಾಠ ಮಾಡಿಕೊಂಡು ಸುಖವಾಗಿದ್ದೇನೆ. ಕೈ ನಡುಗದೆ ಸಹಿ ಹಾಕುವವರನ್ನು ಕಂಡರೆ ಈಗ ನನಗೆ ಭಯವಾಗುತ್ತದೆ, ಮತ್ತು ಅವರಲ್ಲಿ ಮೊದಲನೆಯವನನ್ನು ನಾನು ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡುತ್ತೇನೆ.