ಆಚೆ ಹೋಗದ ಕಸದ ಬಕೆಟ್ಟು

ಮನುಕುಲವನ್ನು ಕಾಡುತ್ತ ಬಂದಿರುವ ಘನವಾದ ಪ್ರಶ್ನೆಗಳಲ್ಲಿ, ಅಡುಗೆಮನೆಯ ಕಸದ ಬಕೆಟ್ಟನ್ನು ಆಚೆ ಇಡಬೇಕಾದವರು ಯಾರು ಎಂಬುದೂ ಒಂದು. ವಿಶ್ವವಿದ್ಯಾಲಯದ ಹಿಂದಿನ ಬೀದಿಯಲ್ಲಿ, ಟೈಲರನ ಮನೆಯಲ್ಲಿ, ಮದುವೆಯಾದಾಗಿನಿಂದ ಅದು ಇತ್ಯರ್ಥವಾಗಿರಲಿಲ್ಲ. ಅದು ನಿಮ್ಮ ಕೆಲಸ ಎಂದು ಹೆಂಡತಿ ಹೇಳುತ್ತಿದ್ದಳು. ಟೈಲರ್ ಒಪ್ಪುತ್ತಿದ್ದ. ಒಪ್ಪಿ, ಮಾಡುತ್ತಿರಲಿಲ್ಲ.

ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಎದುರಿಗೇ ಜೀವಶಾಸ್ತ್ರ ವಿಭಾಗದ ಕಟ್ಟಡ. ಅದರ ಬಗ್ಗೆ ಟೈಲರನಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಓದಿ ದೊಡ್ಡವರಾದವರು ಹುಲ್ಲಿನ ಮೇಲೆ ಮೊಣಕಾಲೂರಿ, ಭೂತಗನ್ನಡಿ ಹಿಡಿದು ಕೂತಿರುವುದನ್ನು ಅವನು ಹೊಲಿಗೆ ಯಂತ್ರದ ಹಿಂದಿನಿಂದ ದಿನಾ ನೋಡುತ್ತಿದ್ದ. ಅವರ ಪ್ಯಾಂಟಿನ ಮೊಣಕಾಲು ಹರಿದು ತೇಪೆಗೆ ತನ್ನಲ್ಲಿಗೇ ಬರುವುದರಿಂದ, ವಿಭಾಗ ಮುಚ್ಚಿಹೋಗಲಿ ಎಂದು ಮಾತ್ರ ಹಾರೈಸಿರಲಿಲ್ಲ.

ಹಾಗೆ ತೇಪೆಗೆ ಬರುವವರಲ್ಲಿ ಅಲ್ಲಿನ ಪ್ರಾಧ್ಯಾಪಕಿಯೂ ಒಬ್ಬರು. ಅಣಬೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದುದರಿಂದ ಬೀದಿಗೆಲ್ಲ ಅವರು ಅಣಬೆ ಮೇಡಂ.

"ತಪ್ಪು ತಿಳೀಬೇಡಿ ಮೇಡಂ," ಎಂದು ಟೈಲರ್ ಒಮ್ಮೆ ಕೇಳಿದ್ದ. "ಅಣಬೆ ನೋಡ್ತಾ ಕೂರೋಕೂ ಸಂಬಳ ಕೊಡ್ತಾರಾ?"

"ಕೊಡ್ತಾರಪ್ಪ. ಪಾಠ ಮಾಡೋಕೂ ಕೊಡ್ತಾರೆ. ತಿನ್ನಬಾರದ್ದನ್ನ ತಿನ್ನಬೇಡಿ ಅಂತ ಮನೆಮನೆಗೆ ಹೇಳ್ಕೊಂಡು ತಿರುಗೋಕೆ ಮಾತ್ರ ಕೊಡಲ್ಲ. ಅದು ನನ್ನ ಚಟ."

ಹೀಗೆಂದು, ಗಿರಾಕಿಗಳಿಗೆ ಹಂಚಲು ಒಂದು ಕಟ್ಟು ಕರಪತ್ರ ಕೊಟ್ಟು ಹೋಗಿದ್ದರು. ತಾನಾಗಿ ಎದ್ದ ಅಣಬೆಯನ್ನು ತಿನ್ನಬೇಡಿ, ಅದು ಯಾವುದೆಂದು ತಿಳಿಯಬೇಕಿದ್ದರೆ ವಿಭಾಗದ ಕಿಟಕಿಗೆ ತನ್ನಿ, ಪುಕ್ಕಟೆಯಾಗಿ ಹೇಳುತ್ತೇವೆ ಎಂದು ಅದರಲ್ಲಿತ್ತು. ಕಾಗದ ಒಳ್ಳೆ ದಪ್ಪಗಿತ್ತು. ಟೈಲರ್ ಅದರಲ್ಲಿ ಕಾಲರಿನ ಅಚ್ಚು ಕತ್ತರಿಸಿಕೊಂಡ.

ಒಂದು ಸಂಜೆ ಅವನ ಅತ್ತೆ ಚೀಲದ ತುಂಬ ಬಿಳಿ ಅಣಬೆ ತಂದರು. ಅತ್ತೆ ಎಂದರೆ ಹೆಂಡತಿಯ ತಾಯಿ. ಗಂಡ ತೀರಿಕೊಂಡ ಮೇಲೆ ದೂರದ ಊರಿನಿಂದ ಮಗಳ ಮನೆಗೆ ಬಂದವರು. ಅಂಗಡಿಯ ಅಂಗಿಗಳಿಗೆಲ್ಲ ಗುಂಡಿ ಹೊಲಿಯುವವರು ಅವರೇ.

"ಅಳಿಯಂದ್ರೇ, ನಿಮ್ಮ ಮೇಡಂ ಬೇಲಿ ಪಕ್ಕ, ಆ ದೊಡ್ಡ ಮರಗಳ ಕೆಳಗೆ ರಾಶಿ ಬಿದ್ದಿದೆ. ಕೇಳೋರೇ ಇಲ್ಲ!"

"ಅಮ್ಮ, ಮೇಡಂಗೆ ಒಂದ್ಸಲ ತೋರಿಸಬಾರದಾ?" ಎಂದಳು ಮಗಳು.

"ಯಾಕೆ, ನಾನೇನು ನಿನ್ನೆ ಹುಟ್ಟಿದವಳಾ? ಲಂಗ ಹಾಕೋ ವಯಸ್ಸಿಂದ ಕಿತ್ತು ತಿಂದಿದ್ದೀನಿ. ನೋಡಿಲ್ಲಿ, ಹುಳ ಕೊರೆದಿದೆ. ಹುಳಕ್ಕೆ ಆಗದೇ ಇರೋದು ನಮಗಾಗುತ್ತಾ? ಬೆಳ್ಳುಳ್ಳಿ ಹಾಕಿ ಬೇಯಿಸ್ತೀನಿ. ವಿಷ ಇದ್ರೆ ಬೆಳ್ಳುಳ್ಳಿ ಕಪ್ಪಾಗುತ್ತೆ."

ಟೈಲರ್ ಪರದೆಯ ಆಚೆಯಿಂದ ಒಗ್ಗರಣೆ ಹಾಕಿದ: "ಮೇಡಂ ಹತ್ರ ಹೋದ್ರೆ ಅದಕ್ಕೊಂದು ಹೆಸರಿಟ್ಟು ಗಾಜಿನ ಡಬ್ಬಿಗೆ ಹಾಕ್ತಾರೆ. ನಾವು ಹಸ್ಕೊಂಡು ಕೂರಬೇಕು." ಅವನು ಹಸಿದು ಕೂರುವ ಪ್ರಶ್ನೆಯೇ ಇರಲಿಲ್ಲ. ರಬ್ಬರ್ ಅಗಿದ ಹಾಗಿರುತ್ತದೆ ಎಂದು ಅವನು ಅಣಬೆ ಮುಟ್ಟುತ್ತಲೇ ಇರಲಿಲ್ಲ.

ಬೆಳ್ಳುಳ್ಳಿ ಬೆಳ್ಳಗೇ ಉಳಿಯಿತು. ಹೆಂಡತಿ ಒಂದೆರಡು ಚಮಚ ತಿಂದಳು. ಚೆಲ್ಲಬಾರದು ಎಂದು ಉಳಿದದ್ದನ್ನೆಲ್ಲ ಅತ್ತೆ ತಿಂದರು. ಕೊಯ್ದು ತೆಗೆದ ಬುಡಗಳು ಬಕೆಟ್ಟಿಗೆ ಬಿದ್ದವು. ಬಕೆಟ್ಟು ಎಂದಿನಂತೆ ಇದ್ದಲ್ಲೇ ಇತ್ತು.

ರಾತ್ರಿ ಎಲ್ಲರಿಗೂ ಸೊಗಸಾದ ನಿದ್ದೆ. ಬೆಳಕು ಹರಿಯುವ ಹೊತ್ತಿಗೆ ತಾಯಿ ಮಗಳಿಬ್ಬರಿಗೂ ವಾಂತಿ ಭೇದಿ ಹಿಡಿಯಿತು. ಟೈಲರ್ ನಲ್ಲಿಯ ನೀರನ್ನು ಬೈದ. ಅಣಬೆ ತಿಂದು ಒಂದು ರಾತ್ರಿ ಕಳೆದಿತ್ತಾದ್ದರಿಂದ ಅದರ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಮಾರನೆಯ ಬೆಳಗ್ಗೆ ಎಲ್ಲ ನಿಂತಿತ್ತು. ಅತ್ತೆ ತಲೆ ಬಾಚಿಕೊಂಡು ಬಂದು, ಸೂಜಿಗೆ ದಾರ ಪೋಣಿಸಿ, ಗುಂಡಿಗಳ ಡಬ್ಬಿ ಮುಂದಿಟ್ಟುಕೊಂಡು ಕೂತರು.

ಆಗ ಮೇಡಂ ಪ್ಯಾಂಟು ಒಯ್ಯಲು ಬಂದರು.

"ಯಾಕಮ್ಮ, ಮುಖ ಬಾಡಿದೆ?"

"ಹೊಟ್ಟೆ ಕೆಟ್ಟಿತ್ತು ಕಣಮ್ಮ. ಈಗ ಹುಷಾರು."

"ನಿಮ್ಮ ಬೇಲಿ ಪಕ್ಕದ ಅಣಬೆ ತಿಂದೂ ಗಟ್ಟಿಯಾಗಿದ್ದಾರೆ ನೋಡಿ ನಮ್ಮತ್ತೆ!" ಎಂದ ಟೈಲರ್, ನಗುತ್ತ.

ಮೇಡಂ ನಗಲಿಲ್ಲ. "ತಿಂದಿದ್ದು ಯಾವಾಗ?"

"ಮೊನ್ನೆ ರಾತ್ರಿ."

"ವಾಂತಿ ಶುರುವಾಗಿದ್ದು?"

"ನಿನ್ನೆ ಬೆಳಗ್ಗೆ. ಹಾಗಾಗಿ ಅಣಬೆಯಿಂದಲ್ಲ ಬಿಡಿ."

"ಹಾಗಾಗಿಯೇ ನನಗೆ ಭಯ. ತಿಂದು ಬಹಳ ಹೊತ್ತಾದ ಮೇಲೆ ಶುರುವಾಗೋದೇ ಅತಿ ಕೆಟ್ಟದ್ದು. ಹೊಟ್ಟೆ ಸುಮ್ಮನಾಗುತ್ತೆ, ಹುಷಾರಾದೆವು ಅನಿಸುತ್ತೆ. ಒಳಗೆ ಲಿವರ್ ಹಾಳಾಗ್ತಾ ಇರುತ್ತೆ."

"ಬೆಳ್ಳುಳ್ಳಿ ಕಪ್ಪಾಗಲಿಲ್ಲವಲ್ಲಮ್ಮ," ಎಂದರು ಅತ್ತೆ.

"ಬೆಳ್ಳುಳ್ಳಿಗೆ ಅದು ಗೊತ್ತಾಗಲ್ಲಮ್ಮ. ಹುಳ ತಿಂದರೆ ಹುಳಕ್ಕೇನೂ ಆಗಲ್ಲ. ಬೇಯಿಸಿದರೂ ಆ ವಿಷ ಹೋಗಲ್ಲ. ತಿಂದವರು ಇಬ್ಬರೂ ಈ ಕ್ಷಣ ದೊಡ್ಡ ಆಸ್ಪತ್ರೆಗೆ ಹೊರಡಿ. ಅಣಬೆ ತಿಂದಿದ್ದೀವಿ ಅಂತ ಮೊದಲ ಮಾತಲ್ಲೇ ಹೇಳಿ. ಅದರ ತುಂಡು ಏನಾದರೂ ಉಳಿದಿದೆಯಾ?"

ಪರದೆ ಸರಿಸಿ ಬಂದಿದ್ದ ಹೆಂಡತಿ ಗಂಡನ ಕಡೆ ತಿರುಗಿದಳು. "ರೀ, ಬಕೆಟ್ ಆಚೆ ಇಟ್ರಾ?"

"ಇಲ್ಲ."

ಆ ಉತ್ತರಕ್ಕೆ ಮೊದಲ ಸಲ ಅವನು ಬೈಸಿಕೊಳ್ಳಲಿಲ್ಲ.

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಟೀ ಲೋಟ ಇಟ್ಟರೂ ಸಹಿಸದ ಟೈಲರ್, ಅದೇ ಮೇಜಿಗೆ ಹಳೆ ಪೇಪರ್ ಹಾಸಿ ಬಕೆಟ್ಟನ್ನು ಬೋರಲು ಹಾಕಿದ. ಮೇಡಂ ಟೀಪುಡಿ, ಮೊಟ್ಟೆಯ ಓಡುಗಳ ನಡುವೆ ಬೆರಳಾಡಿಸಿ ಬುಡಗಳನ್ನು ಹೆಕ್ಕಿದರು. ಒಂದೊಂದರ ಅಡಿಯಲ್ಲೂ ಹರಿದ ಚೀಲದಂಥ ಬಿಳಿ ಪೊರೆ.

"ನಿಮ್ಮೂರಲ್ಲಿ ಕೀಳ್ತಿದ್ದ ಅಣಬೆಗೂ ಹೀಗೇ ಚೀಲ ಇರ್ತಿತ್ತಾ ಅಮ್ಮ?"

"ಇರ್ತಿತ್ತು. ಅದನ್ನ ನೋಡಿಯೇ ಕಿತ್ತೆ."

"ಅದೇ ಬೇರೆ, ಇದೇ ಬೇರೆ. ಇದು ಎಲ್ಲಿಂದಲೋ ತಂದು ನೆಟ್ಟ ಮರಗಳ ಬೇರಿನ ಜೊತೆ ಬಂದದ್ದು. ನೋಡಿದರೆ ಅಕ್ಕತಂಗಿಯರ ಹಾಗೆ."

ಅತ್ತೆ ಹೊಲಿಯುತ್ತಿದ್ದ ಗುಂಡಿಗೆ ಗಂಟು ಹಾಕಿ, ಸೂಜಿಯನ್ನು ದಾರದುಂಡೆಗೆ ಚುಚ್ಚಿಟ್ಟರು. "ಮಗಳಿಗೂ ಬಡಿಸಿಬಿಟ್ಟೆನಲ್ಲಪ್ಪ," ಎಂದರು, ಅಳಿಯನಿಗೆ ಮಾತ್ರ ಕೇಳುವ ಹಾಗೆ.

ಆಸ್ಪತ್ರೆಯಲ್ಲಿ ಡಾಕ್ಟರು ಇಬ್ಬರ ರಕ್ತ ತೆಗೆಸಿ ಪರೀಕ್ಷೆಗೆ ಕಳಿಸುತ್ತಿದ್ದಾಗಲೇ ಡಾಕ್ಟರ ಫೋನ್ ರಿಂಗಾಯಿತು. ಮಾಡಿದ್ದು ಮೇಡಂ. ವಿಭಾಗದಲ್ಲಿ ಅಂದಿನ ಪಾಠವನ್ನು ಬದಿಗಿಟ್ಟು, ವಿದ್ಯಾರ್ಥಿಗಳೆಲ್ಲ ಟೈಲರನ ಮನೆಯ ಕಸದ ಸುತ್ತ ಸೂಕ್ಷ್ಮದರ್ಶಕ ಹಿಡಿದು ಕೂತಿದ್ದರು. ವರ್ಷಗಟ್ಟಲೆ ಗಾಜಿನ ಡಬ್ಬಿಗಳಲ್ಲಿ ಹೆಸರಿಟ್ಟು ಕಾಪಾಡಿದ ಅಣಬೆಗಳ ಜೊತೆ ಹೋಲಿಸಿ ನೋಡಿದ್ದರು. ಅನುಮಾನವೇ ಉಳಿದಿರಲಿಲ್ಲ. ಡಾಕ್ಟರು ಫೋನ್ ಇಟ್ಟು, ಆ ವಿಷಕ್ಕೇ ಬೇಕಾದ ಚಿಕಿತ್ಸೆಯನ್ನು ತಕ್ಷಣ ಶುರುಮಾಡಿದರು. ಟೈಲರ್ ಗೋಡೆಗೊರಗಿ ನಿಂತಿದ್ದ. ಗಾಜಿನ ಡಬ್ಬಿಯ ಬಗ್ಗೆ ತಾನು ಆಡಿದ ಮಾತು ಅವನಿಗೆ ನೆನಪಾಯಿತು.

ಈಗ ಅವನು ಕರಪತ್ರಗಳಿಗೆ ಕತ್ತರಿ ಹಾಕುವುದಿಲ್ಲ. ಅಳತೆ ಕೊಡುವಾಗ ಗಿರಾಕಿ ಅಲುಗಾಡುವ ಹಾಗಿಲ್ಲವಲ್ಲ, ಆ ಹೊತ್ತು ನೋಡಿ ಹೇಳುತ್ತಾನೆ: "ಕೈ ಎತ್ತಿ ಸಾರ್. ನಿಮ್ಮನೇಲಿ ಅಣಬೆ ಕಿತ್ತು ತರೋರು ಇದ್ದಾರಾ?"

ನಿಮ್ಮ ಮನೆಯಲ್ಲಿ ಇದ್ದಾರೆಯೇ? ಇದ್ದರೆ ಇವತ್ತೇ ಹೇಳಿ. ತಾನಾಗಿ ಎದ್ದ ಅಣಬೆಯನ್ನು ಗುರುತಿದೆ ಎಂಬ ಧೈರ್ಯದಿಂದ ತಿನ್ನಬೇಡಿ; ಹುಳವನ್ನೂ ಬೆಳ್ಳುಳ್ಳಿಯನ್ನೂ ಸಾಕ್ಷಿಗೆ ಕರೆಯಬೇಡಿ. ತಿಂದಾಗಿದ್ದರೆ, ಮೈ ಚೆನ್ನಾಗಿದ್ದರೂ ಆಸ್ಪತ್ರೆಗೆ ಹೋಗಿ. ಉಳಿದ ಸಿಪ್ಪೆ, ಬುಡ, ಚೂರುಗಳನ್ನು ಕಾಗದದಲ್ಲಿ ಸುತ್ತಿ ಒಯ್ಯಿರಿ. ನಿಮ್ಮೂರಿನ ಕಾಲೇಜಿನಲ್ಲೋ ವಿಶ್ವವಿದ್ಯಾಲಯದಲ್ಲೋ ಜೀವಶಾಸ್ತ್ರ ವಿಭಾಗವಿದ್ದರೆ, ಅದರ ಬಾಗಿಲು ಎಲ್ಲಿದೆ ಎಂದು ಈಗಲೇ ತಿಳಿದುಕೊಳ್ಳಿ. ಅದು ನಿಮಗೂ ಸೇರಿದ್ದು. ಮುಖ್ಯವಾಗಿ, ವಾಂತಿ ನಿಂತಿತೆಂದು ಮನೆಯಲ್ಲಿ ಕೂರಬೇಡಿ. ಟೈಲರನ ಮನೆಯವರು ಕೂತಿದ್ದರು.

ಹೆಂಡತಿ ಮನೆಗೆ ಬಂದಳು. ಅತ್ತೆ ಬರಲಿಲ್ಲ. ಅಂಗಡಿಯ ಗುಂಡಿಗಳನ್ನು ಈಗ ಟೈಲರನೇ ಹೊಲಿಯುತ್ತಾನೆ.