ಇಪ್ಪತ್ತನಾಲ್ಕು ಲೋಟ ನೀರು

ಹದಿನಾಲ್ಕು ವರ್ಷ ಇಲಿಗಳ ಜೊತೆ ಬಾಳಿದವಳು ನಾನು. ನಾನಿದ್ದ ಔಷಧಿ ಸಂಶೋಧನೆಯ ಸಂಸ್ಥೆಯಲ್ಲಿ ಎಲ್ಲರೂ ನನ್ನನ್ನು ಇಲಿಯಮ್ಮ ಎಂದೇ ಕರೆಯುತ್ತಿದ್ದರು. ಹೊಸದಾಗಿ ಸೇರಿದವರಿಗೆ ನನ್ನ ನಿಜವಾದ ಹೆಸರು ತಿಳಿಯಲು ಆರು ತಿಂಗಳು ಬೇಕಾಗುತ್ತಿತ್ತು. ಇಲಿಗಳಿಗೆ ಔಷಧಿ ಕೊಡುವುದು, ರಕ್ತ ತೆಗೆಯುವುದು, ಆ ರಕ್ತವನ್ನು ಸಣ್ಣ ಟ್ಯೂಬುಗಳಲ್ಲಿ ಪರೀಕ್ಷಿಸುವುದು ನನ್ನ ಕೆಲಸ. ಹದಿನೈದನೆಯ ವರ್ಷ ಅವುಗಳ ಸಹವಾಸ ನನ್ನ ಮೈಗೆ ಒಗ್ಗದಾಯಿತು. ಮೊದಲು ಸೀನು, ಆಮೇಲೆ ಕೈತುಂಬ ಗಂದೆ, ಕೊನೆಗೊಂದು ದಿನ ಉಸಿರು ಸಿಗದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಆ ಕಟ್ಟಡದೊಳಗೆ ಇನ್ನು ಕಾಲಿಡಬಾರದು ಎಂದು ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟರು. ನಮ್ಮ ಊರಿನಲ್ಲಿ ಪ್ರಯೋಗಾಲಯ ಅಂತ ಇದ್ದದ್ದು ಅದೊಂದೇ.

ನನ್ನ ಗಂಡನದು ಕನ್ನಡಕದ ಅಂಗಡಿ. "ಅಂಗಡಿಗೆ ಬಂದು ಕೂತ್ಕೋ," ಎಂದರು ಅವರು, ಒಳ್ಳೆಯ ಮನಸ್ಸಿನಿಂದಲೇ. "ಗಿರಾಕಿಗಳ ಹತ್ತಿರ ಮಾತಾಡ್ತಾ ಇದ್ರೆ ಹೊತ್ತು ಹೋಗುತ್ತೆ."

ಹೊತ್ತು ಹೋಗಲಿಕ್ಕೆ ನನಗೇನು ಮುಪ್ಪು ಬಂದಿತ್ತೇ? ಕೋಪ ಬಂತು, ನುಂಗಿಕೊಂಡೆ. ನನಗೆ ಬೇಕಿದ್ದದ್ದು ನನ್ನ ವಿದ್ಯೆಯ ಕೆಲಸ. ಅದು ಕೈತಪ್ಪಿದರೆ ನಾನು ಯಾರು ಎಂಬುದೇ ನನಗೆ ಗೊತ್ತಿರಲಿಲ್ಲ.

ಮನೆಯಲ್ಲೇ ಕುಳಿತು ಮಾಡಬಹುದಾದ ಕೆಲಸಗಳೇನೋ ಇದ್ದವು. ಮಾತ್ರೆ ನುಂಗಿದ ಮೇಲೆ ತಲೆ ಸುತ್ತಿತು, ಮೈ ತುರಿಸಿತು ಎಂದು ಜನ ಬರೆಯುವ ದೂರುಗಳನ್ನು ಓದಿ ವಿಂಗಡಿಸುವುದು, ವೈದ್ಯರ ಪ್ರಬಂಧಗಳನ್ನು ತಿದ್ದಿಕೊಡುವುದು, ದೂರದ ಆಸ್ಪತ್ರೆಗಳಲ್ಲಿ ನಡೆಯುವ ಔಷಧಿ ಪರೀಕ್ಷೆಯ ಅಂಕಿಅಂಶ ತಾಳೆ ನೋಡುವುದು. ಎಲ್ಲದಕ್ಕೂ ಅರ್ಜಿ ಹಾಕಿದೆ. ಒಂದು ಕಡೆ ವಿಡಿಯೊ ಸಂದರ್ಶನದಲ್ಲಿ ಬರವಣಿಗೆಯ ಅನುಭವ ಏನಿದೆ ಎಂದು ಕೇಳಿದರು. ಹದಿನಾಲ್ಕು ವರ್ಷ ದಿನವೂ ಪ್ರಯೋಗದ ನೋಟ್‌ಬುಕ್ ಬರೆದಿದ್ದೇನೆ ಎಂದೆ. ಅವರು ಕ್ಯಾಮೆರಾ ಆರಿಸಿಟ್ಟಿದ್ದರು, ಹಾಗಾಗಿ ನಕ್ಕರೋ ಇಲ್ಲವೋ ಕಾಣಲಿಲ್ಲ. ಮತ್ತೆ ಅವರ ಸುದ್ದಿಯೇ ಇಲ್ಲ.

ನಾಲ್ಕು ತಿಂಗಳ ಮೇಲೆ ಒಂದು ಸಣ್ಣ ಕಂಪನಿ ಕರೆಯಿತು. ಪ್ರಯೋಗ ಮಾಡುವ ವಿಧಾನಗಳನ್ನು ಹಂತಹಂತವಾಗಿ ಬರೆದು ಪ್ರಯೋಗಾಲಯಗಳಿಗೆ ಒದಗಿಸುವುದು ಅವರ ಕಸುಬು. ಅಲ್ಲಿನ ಮುಖ್ಯಸ್ಥೆ, ನೆರೆಗೂದಲನ್ನು ಪೆನ್ಸಿಲ್ ಸಿಕ್ಕಿಸಿ ಗಂಟು ಹಾಕಿಕೊಂಡಿದ್ದ ಹೆಂಗಸು, ಒಂಬತ್ತು ಪುಟದ ಒಂದು ವಿಧಾನ ಕಳಿಸಿ, ಓದಿ ತಿದ್ದಿಕೊಡಿ ಎಂದರು. ನಾನು ಮೂರು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ ನಲವತ್ತೊಂದು ತಪ್ಪು ಹಿಡಿದೆ. ಅಲ್ಪವಿರಾಮ, ಕಾಗುಣಿತ, ಒಂದು ಕಡೆ ಬಿಟ್ಟುಹೋದ ಡಿಗ್ರಿ ಚಿಹ್ನೆ. ಹೆಮ್ಮೆಯಿಂದ ಕಳಿಸಿದೆ.

ಬುಧವಾರ ಮುಖ್ಯಸ್ಥೆ ಪರದೆಯ ಮೇಲೆ ಬಂದರು. "ಇವನ್ನೆಲ್ಲ ನಮ್ಮ ಕಂಪ್ಯೂಟರೇ ಹಿಡಿಯುತ್ತೆ," ಎಂದರು, ಬೇಸರವಿಲ್ಲದ ದನಿಯಲ್ಲಿ. "ಮೂರು ಪ್ರಯೋಗಾಲಯದವರು ಇದನ್ನ ಬರೆದಿರೋ ಹಾಗೇ ಮಾಡಿದ್ದಾರೆ. ಮೂವರಿಗೂ ಬೇರೆಬೇರೆ ಫಲಿತಾಂಶ. ನಮ್ಮಲ್ಲಿ ನಾಲ್ಕು ಜನ ಓದಿದ್ರೂ ಯಾಕೆ ಅಂತ ಗೊತ್ತಾಗ್ಲಿಲ್ಲ. ಶುಕ್ರವಾರ ಹನ್ನೊಂದು ಗಂಟೆಗೆ ಮತ್ತೆ ಮಾತಾಡೋಣ. ಆಮೇಲೆ ಬೇರೆಯವರನ್ನ ನೋಡ್ಬೇಕಾಗುತ್ತೆ."

ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಅದೂ ಇಲಿಯಮ್ಮನೇ ಹಿಡಿದದ್ದು.

ಗುರುವಾರವೂ ಊಟದ ಮೇಜಿನ ಮುಂದೆ ಕುಳಿತು ಓದಿದೆ. ಹದಿನಾಲ್ಕನೆಯ ಹಂತ: ಇಪ್ಪತ್ತನಾಲ್ಕು ಟ್ಯೂಬುಗಳಿಗೆ ದ್ರಾವಣ ಹಾಕಿ, ಒಂದೊಂದನ್ನೂ ಕಲಕಿ. ಹದಿನೈದನೆಯದು: ಹತ್ತು ನಿಮಿಷ ಬಿಡಿ. ಹದಿನಾರನೆಯದು: ಎಲ್ಲಕ್ಕೂ ಆಮ್ಲ ಹಾಕಿ ಕ್ರಿಯೆಯನ್ನು ನಿಲ್ಲಿಸಿ, ಬಣ್ಣ ಎಷ್ಟು ಗಾಢವಾಗಿದೆ ಎಂದು ಅಳೆಯಿರಿ. ತಪ್ಪೇನಿದೆ ಇದರಲ್ಲಿ? ಹನ್ನೆರಡನೆಯ ಸಲ ಓದುವಾಗ ಅಕ್ಷರಗಳೇ ಮಸುಕಾದವು. ಅಳು ಬಂತು, ಅತ್ತುಬಿಟ್ಟೆ.

ನಮ್ಮ ಅತ್ತೆ ಮೂವತ್ತು ವರ್ಷ ಹೊಲಿಗೆ ತರಗತಿ ನಡೆಸಿದವರು. ಅಳುವವರನ್ನು ಸಮಾಧಾನ ಮಾಡುವ ಅಭ್ಯಾಸ ಅವರಿಗಿಲ್ಲ. ಕಾಫಿ ಲೋಟವನ್ನು ನನ್ನ ಮುಂದೆ ಕುಕ್ಕಿ, "ಅದನ್ನ ಎಷ್ಟು ಸಲ ಓದ್ತೀಯ? ಏನು ಪರೀಕ್ಷೆಗೆ ಬಾಯಿಪಾಠ ಮಾಡ್ತಿದ್ದೀಯ?" ಎಂದರು.

"ತಪ್ಪೆಲ್ಲಿದೆ ಅಂತ ಹುಡುಕ್ತಿದ್ದೀನಿ ಅತ್ತೆ."

"ನನ್ನ ಹತ್ರ ಹೊಸ ರವಿಕೆಯ ಕಟಿಂಗ್ ಪುಸ್ತಕ ಬಂದ್ರೆ ಮೊದಲು ಹಳೇ ಬೆಡ್‌ಶೀಟಲ್ಲಿ ಹೊಲಿದು ನೋಡ್ತಿದ್ದೆ. ಪುಸ್ತಕದಲ್ಲಿ ತೋಳು ಸರಿಯಾಗೇ ಇರುತ್ತೆ. ಹೊಲಿದಾಗ್ಲೇ ಕಂಕುಳಲ್ಲಿ ಹಿಡಿಯೋದು."

"ನನಗೆ ಪ್ರಯೋಗಾಲಯ ಎಲ್ಲಿದೆ ಈಗ?"

"ನನಗೇನು ರೇಷ್ಮೆ ಇತ್ತಾ? ಬೆಡ್‌ಶೀಟು ಅಂದ್ನಲ್ಲ."

ನಾನು ಅವರ ಮುಖ ನೋಡಿದೆ. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ ಮನೆಯಲ್ಲಿದ್ದ ಲೋಟಗಳನ್ನೆಲ್ಲ ತಂದೆ. ಸ್ಟೀಲಿನವು ಹದಿನೇಳು, ಗಾಜಿನವು ಐದು. ಕೆಮ್ಮಿನ ಔಷಧಿಯ ಎರಡು ಮುಚ್ಚಳ ಸೇರಿಸಿದಾಗ ಇಪ್ಪತ್ತನಾಲ್ಕಾಯಿತು. ಕಾಗದದ ಚೂರುಗಳ ಮೇಲೆ ಸಂಖ್ಯೆ ಬರೆದು ಒಂದೊಂದರ ಮುಂದೆ ಇಟ್ಟು, ಅರ್ಧರ್ಧ ನೀರು ತುಂಬಿಸಿದೆ. ದ್ರಾವಣ ಅಳೆದು ಹಾಕುವ ಪಿಪೆಟ್ಟಿಗೆ ಬದಲು ಟಿಕ್ ಎನ್ನುವ ಬಾಲ್‌ಪೆನ್ನು. ಕಲಕಲು ಚಮಚ. ಆಮ್ಲದ ಪಂಪಿಗೆ ಕೈ ತೊಳೆಯುವ ಸೋಪಿನ ಖಾಲಿ ಬಾಟಲಿ. ಸೆಕೆಂಡಿನ ಮುಳ್ಳಿರುವ ತಮ್ಮ ಕೈಗಡಿಯಾರ ಬಿಚ್ಚಿಕೊಂಡು ಅತ್ತೆ ಎದುರಿಗೆ ಕುಳಿತರು.

ಮೊದಲ ಲೋಟಕ್ಕೆ ಹೆಬ್ಬೆರಳು ಪೆನ್ನನ್ನು ಒತ್ತಿದಾಗ ನನಗೆ ಆದದ್ದನ್ನು ಹೇಗೆ ಹೇಳಲಿ? ನಾಲ್ಕು ತಿಂಗಳಿಂದ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದ ಕೈಗಳು ಕೇಳದೆಯೇ ಕೆಲಸಕ್ಕೆ ಇಳಿದವು. ಟಿಕ್, ಚಮಚ, ಮುಂದಿನದು. ಖುಷಿಯಾಯಿತು.

"ಒಂದಕ್ಕೆ ಹತ್ತು ಸೆಕೆಂಡು ತಗೋತಿದ್ದೀಯ," ಎಂದರು ಅತ್ತೆ.

ಇಪ್ಪತ್ತನಾಲ್ಕು ಮುಗಿಯುವಾಗ ನಾಲ್ಕು ನಿಮಿಷ. ಬರೆದಂತೆಯೇ ಹತ್ತು ನಿಮಿಷ ಕಾದೆ. ಆಮೇಲೆ ಸೋಪಿನ ಬಾಟಲಿ ಹಿಡಿದೆ. ಇದಕ್ಕೆ ಕಲಕುವ ಕೆಲಸವಿಲ್ಲ; ಒತ್ತಿದರೆ ಆಯಿತು. ಒಂದಕ್ಕೆ ಮೂರು ಸೆಕೆಂಡಿನಂತೆ ಓಡಿದೆ. ಒಂಬತ್ತನೆಯ ಲೋಟದ ಹತ್ತಿರ ಕೈ ನಿಂತಿತು.

"ಅತ್ತೆ, ಮೊದಲನೇ ಲೋಟ ಎಷ್ಟು ಹೊತ್ತು ಕಾದಿತ್ತು?"

"ಹದಿನಾಲ್ಕು ನಿಮಿಷ."

"ಕೊನೇದು ಎಷ್ಟು ಕಾಯುತ್ತೆ?"

ಅವರು ಬೆರಳು ಮಡಚಿ ಲೆಕ್ಕ ಹಾಕಿದರು. "ಹನ್ನೊಂದು ಚಿಲ್ಲರೆ. ಯಾಕೆ, ಎಲ್ಲಕ್ಕೂ ಹತ್ತೇ ಅಂತ ಬರೆದಿದ್ಯಲ್ಲ?"

ಅಷ್ಟೇ. ಹೆಚ್ಚು ಹೊತ್ತು ಕಾದ ಟ್ಯೂಬಿನಲ್ಲಿ ಬಣ್ಣ ಹೆಚ್ಚು ಏರುತ್ತದೆ. ಕೈ ಚುರುಕಿದ್ದವರಿಗೆ ಒಂದು ಫಲಿತಾಂಶ, ನಿಧಾನದವರಿಗೆ ಇನ್ನೊಂದು. ನುರಿತವರು ಯಾರೂ ಇದನ್ನು ಬರೆದಿಡುವುದಿಲ್ಲ, ಏಕೆಂದರೆ ಅವರ ಕೈ ತಾನಾಗಿಯೇ ಲಯ ಹಿಡಿಯುತ್ತದೆ. ಓದುವಾಗ ನನಗೂ ಕಾಣದಿದ್ದುದು ಅದಕ್ಕೇ. ಗಡಿಯಾರವನ್ನು ಮೊದಲ ಟ್ಯೂಬಿಗೇ ಶುರು ಮಾಡಬೇಕು. ಹಾಕುವಾಗಲೂ ನಿಲ್ಲಿಸುವಾಗಲೂ ಅದೇ ಸಾಲು, ಹತ್ತು ಸೆಕೆಂಡಿಗೆ ಒಂದೇ ಟ್ಯೂಬು. ಹಾಗೆ ಮತ್ತೊಮ್ಮೆ ಮಾಡಿ ನೋಡಿದೆವು. ಪ್ರತಿ ಹತ್ತು ಸೆಕೆಂಡಿಗೆ ಅತ್ತೆ "ಹ್ಞೂಂ" ಎನ್ನುವುದು, ನಾನು ಒತ್ತುವುದು. ಎಲ್ಲ ಲೋಟಕ್ಕೂ ಸರಿಯಾಗಿ ಹತ್ತು ನಿಮಿಷ ಬಂತು.

ಹಳೆಯ ಅಭ್ಯಾಸ, ನೋಟ್‌ಬುಕ್ಕಿನಲ್ಲಿ ಬರೆದೆ. ನಮ್ಮ ಸಂಸ್ಥೆಯಲ್ಲಿ ಪ್ರತಿ ಪುಟದ ಕೆಳಗೆ ಎರಡು ಸಹಿ ಇರುತ್ತಿತ್ತು: ಮಾಡಿದವರು, ನೋಡಿದವರು. ಪೆನ್ನನ್ನು ಅತ್ತೆಗೆ ಕೊಟ್ಟೆ. "ಕಣ್ಣಾರೆ ಕಂಡಿದ್ದರೆ ಮಾತ್ರ ಸಹಿ ಹಾಕ್ಬೇಕು. ತಾರೀಖು ಇಲ್ಲದೆ ಹಾಕ್ಬಾರದು," ಎಂದೆ. ಅವರು ಮಗ ಮಾಡಿಕೊಟ್ಟ ಕನ್ನಡಕ ಏರಿಸಿ, ಪುಟ ಪೂರ್ತಿ ಓದಿ, ತಾರೀಖು ಕೇಳಿ, ಸಹಿ ಹಾಕಿದರು.

ಶುಕ್ರವಾರ ನಾನು ವಿವರಿಸಿದ್ದನ್ನೆಲ್ಲ ಮುಖ್ಯಸ್ಥೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಇದು ನಿಮಗೆ ಹೇಗೆ ಗೊತ್ತಾಯ್ತು?" ಎಂದರು.

ನಾಚಿಕೆಯಾಯಿತು. ಸುಳ್ಳು ಹೇಳಲೂ ಬರಲಿಲ್ಲ. ಕ್ಯಾಮೆರಾವನ್ನು ಮೇಜಿನ ಕಡೆ ತಿರುಗಿಸಿದೆ. ಸಂಖ್ಯೆಯ ಚೀಟಿಗಳು, ಸಾಲಾಗಿ ನಿಂತ ಲೋಟಗಳು, ಆಚೆ ತುದಿಯಲ್ಲಿ ಕೈಗಡಿಯಾರ ಹಿಡಿದು ನೆಟ್ಟಗೆ ಕುಳಿತ ಅತ್ತೆ. ಮುಖ್ಯಸ್ಥೆ ಪರದೆಯ ಹತ್ತಿರಕ್ಕೆ ಬಾಗಿದರು. ಕೂದಲಿನ ಪೆನ್ಸಿಲ್ ತೆಗೆದು ಹೆಬ್ಬೆರಳಿನಿಂದ ಅದರ ತುದಿ ಒತ್ತಿದರು, ಪಿಪೆಟ್ ಒತ್ತುವ ಹಾಗೆ.

"ನಾನು ಪ್ರಯೋಗಾಲಯ ಬಿಟ್ಟು ಎಂಟು ವರ್ಷ ಆಯ್ತು," ಎಂದರು. "ನಾವೆಲ್ಲ ಓದಿದ್ವಿ. ಯಾರೂ ಮಾಡಿ ನೋಡ್ಲಿಲ್ಲ. ಸೋಮವಾರದಿಂದ ಸೇರ್ಕೊಳ್ಳಿ. ನಮಗೆ ಬರೋ ಪ್ರತಿಯೊಂದು ವಿಧಾನವನ್ನೂ ನೀವು ಹೀಗೇ ಮಾಡಿ ನೋಡ್ಬೇಕು. ಆ ಪುಟದ ಫೋಟೋ ಕಳಿಸಿ, ಎರಡೂ ಸಹಿ ಕಾಣೋ ಹಾಗೆ."

ಸಂಜೆ ಗಂಡ ಅಂಗಡಿಯಿಂದ ಬಂದು ನೀರು ಕುಡಿಯಲು ಲೋಟ ಹುಡುಕಿದರು. ಎಲ್ಲ ಮೇಜಿನ ಮೇಲೆಯೇ ಇದ್ದವು. ಹತ್ತೊಂಬತ್ತನೆಯದಕ್ಕೆ ಕೈ ಹಾಕಿ ತಾಯಿಯಿಂದ ಬೈಸಿಕೊಂಡರು. ವಿಷಯ ತಿಳಿದ ಮೇಲೆ ಹೊಸ ಲೋಟಗಳನ್ನೇ ಒಂದು ಪೆಟ್ಟಿಗೆ ತಂದು, "ಇವು ಕುಡಿಯೋಕೆ," ಎಂದು ಅಡುಗೆಮನೆಯಲ್ಲಿಟ್ಟರು. ಅಂಗಡಿಯ ಮಾತು ಮತ್ತೆ ಎತ್ತಲಿಲ್ಲ.

ಸೋಮವಾರ ಮೊದಲ ವಿಧಾನ ಬಂತು. ಮಾಡಿ ಮುಗಿಸಿ, ಬರೆದು, ನನ್ನ ಸಹಿ ಹಾಕಿ ಪುಟವನ್ನು ಅತ್ತೆಯ ಮುಂದಿಟ್ಟೆ. ಅವರು ಓದಿ ಹಿಂದಕ್ಕೆ ತಳ್ಳಿದರು.

"ಹನ್ನೊಂದನೇದಕ್ಕೆ ನೀನು ಎರಡು ಸೆಕೆಂಡು ತಡ ಮಾಡ್ದೆ."

"ಎರಡೇ ತಾನೇ ಅತ್ತೆ."

"ಕಂಡಿದ್ದಕ್ಕೆ ಮಾತ್ರ ಸಹಿ ಅಂದೋಳು ನೀನೇ."

ಮೇಲಧಿಕಾರಿ ಎಲ್ಲೋ ದೂರದಲ್ಲಿದ್ದಾರೆ ಎಂದುಕೊಂಡಿದ್ದೆ. ಲೋಟಗಳ ನೀರನ್ನೆಲ್ಲ ಬಕೆಟ್ಟಿಗೆ ಸುರಿದು, ಒಂದೊಂದನ್ನೂ ಒರೆಸಿ, ಮತ್ತೆ ಒಂದನೆಯದರಿಂದ ತುಂಬಿಸಲು ಶುರುಮಾಡಿದೆ.