ಅಳತೆಯ ಕುಬಸ

ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುವ ಸೋದರಮಾವ ಹೇಳಿ ಕಳಿಸಿದ್ದು ಇಷ್ಟೇ: ಮನೆಗೆ ಕಾಲಿನ ಹೊಲಿಗೆ ಮಷೀನು ಬಂದಿದೆ, ಹಳೆಯ ಕೈಮಷೀನು ಸುಮ್ಮನೆ ಕೂತಿದೆ. ತೀರಿಹೋದ ತಂಗಿಯ ಮಗಳು ಬೇಕೆಂದರೆ ಪಂಚಮಿಗೆ ಬರುವಾಗ ತರುತ್ತೇನೆ. ಬೇಡವೆಂದರೆ ಪಕ್ಕದ ಮನೆಯವರು ಕೇಳುತ್ತಿದ್ದಾರೆ.

ಶಿವಗಂಗವ್ವನಿಗೆ ಬೇಕಾಗಿತ್ತು. ಬಾಯಿಬಿಟ್ಟು ಹೇಳಲಾಗದಷ್ಟು ಬೇಕಾಗಿತ್ತು. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟಂದಿನಿಂದ ಅವಳು ಬನಹಟ್ಟಿಯ ಆ ಮನೆಯಲ್ಲಿ ರಾಟೆಯ ಮುಂದೆ ಕೂತು ಅಪ್ಪನ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಆದರೆ ಒಂದು ಮಗ್ಗದಿಂದ ಸಂಸಾರ ಸಾಗುವಂತಿರಲಿಲ್ಲ. ಪಂಚಮಿ ಆದ ಮೇಲೆ ಅವಳು ಸಾವಕಾರರ ಕಾರಖಾನೆಗೆ ಕಂಡಿಕೆ ಸುತ್ತಲು ಹೋಗುವುದೆಂದು ಮಾತಾಗಿತ್ತು. ಅಲ್ಲಿಗೆ ಹೋದ ಹುಡುಗಿಯರು ಸಂಜೆ ಬೆನ್ನು ನೆಟ್ಟಗೆ ಮಾಡಲಾಗದೆ ಬರುವುದನ್ನು ಅವಳು ಬಾಗಿಲ ಸಂದಿಯಿಂದ ನೋಡಿದ್ದಳು.

ಅಪ್ಪ ಪಾಂಡಪ್ಪ ಮಗ್ಗದ ಕುಣಿಯಿಂದ ತಲೆ ಎತ್ತದೆ ಹೇಳಿದ್ದ: "ಕಸಬಿನವರನ್ನ ಕೇಳಲಾರದ ಕಸಬಿಗೆ ಕೈ ಹಾಕಬಾರದು. ಊರಾಗ ಬ್ಯಾಡ, ಮಂದಿ ಆಡ್ಕೋತಾರ. ಹೊರಗ ಹೋಗಿ ದರ್ಜಿಗಳನ್ನ ಕೇಳ್ಕೊಂಡು ಬರ್ರಿ. ಹೆಣ್ಮಗಳಿಗೆ ಹೊಟ್ಟಿ ತುಂಬೂವಷ್ಟು ಕೆಲಸ ಐತಿ ಅಂತ ಒಬ್ಬಾಂವರೆ ಹೇಳ್ಲಿ, ತರಸೂಣು."

ಒಬ್ಬಳನ್ನೇ ಕಳಿಸುವಂತಿರಲಿಲ್ಲ. ಜೊತೆಗೆ ಅಪ್ಪನ ಅಕ್ಕ ಸಿದ್ದಕ್ಕ ಹೊರಟಳು. ಶಿವಗಂಗವ್ವ ಕೇಳಬೇಕಾದ ಪ್ರಶ್ನೆಗಳನ್ನು ರಾಟೆ ತಿರುಗಿಸುತ್ತ ಮನಸ್ಸಿನಲ್ಲೇ ಉರುಹೊಡೆದಿದ್ದಳು. ಕಲಿಯಲು ಎಷ್ಟು ದಿನ ಬೇಕು? ಹಬ್ಬ, ಲಗ್ನ ಬಿಟ್ಟರೆ ಉಳಿದ ದಿನ ಕೆಲಸ ಇರುತ್ತದೆಯೇ? ಕತ್ತರಿಸುವಾಗ ಅರಿವೆ ಕೆಟ್ಟರೆ ಅದು ಯಾರ ತಲೆಗೆ? ಕೊನೆಯದು ಅವಳಿಗೆ ನಿದ್ದೆಯಲ್ಲೂ ಬರುತ್ತಿತ್ತು. ಆದರೆ ಪರವೂರಿನ ಗಂಡಸರ ಮುಂದೆ ಅವಳ ನಾಲಿಗೆ ಏಳುತ್ತಿರಲಿಲ್ಲವಾದ್ದರಿಂದ ಎಲ್ಲವನ್ನೂ ಅತ್ತೆಗೆ ಒಪ್ಪಿಸಿದ್ದಳು.

ಅದೇ ತಪ್ಪಾಯಿತು.

ಎಸ್.ಟಿ. ಗಾಡಿಯಲ್ಲಿ ಜಮಖಂಡಿಗೆ ನಿಂತುಕೊಂಡೇ ಹೋದರು. ಮೇಲಿನ ಸರಳು ಹಿಡಿಯಲು ಅತ್ತೆಯ ಬಲಗೈ ಏಳಲೇ ಇಲ್ಲ. ಎಡಗೈಯಿಂದ ಶಿವಗಂಗವ್ವನ ಹೆಗಲು ಹಿಡಿದು ದಾರಿಯುದ್ದಕ್ಕೂ ತೂಗಾಡಿದಳು. ಪೇಟೆಯಲ್ಲಿ ಕೃಷ್ಣಾಜಿ ಎಂಬ ದರ್ಜಿಯ ಅಂಗಡಿ. ಕಿವಿಯ ಮೇಲೆ ಸೀಮೆಸುಣ್ಣ ಸಿಕ್ಕಿಸಿಕೊಂಡಿದ್ದ ಅವನು ಇವರನ್ನು ಕಂಡವನೇ ಅಳತೆಗೆ ಕೊಡುವ ಹಳೆಯ ರವಿಕೆಗೆಂದು ಕೈಚಾಚಿದ. "ಬರ್ರಿ ಬಾಯಾರ. ಅಳತಿ ಕುಬಸ ತಂದೀರೇನ್ರಿ?"

"ಹೊಲಸಾಕ ಬಂದಿಲ್ಲೋ ಯಪ್ಪಾ, ಬ್ಯಾರೆ ಮಾತೈತಿ," ಎಂದು ಸಿದ್ದಕ್ಕ ಕಟ್ಟೆಯ ಮೇಲೆ ಕೂತಳು. ಕೂತ ಮೇಲೆ ನೇರವಾಗಿ ವಿಷಯಕ್ಕೆ ಬರುವುದು ಅವಳ ಪ್ರಕಾರ ಮರ್ಯಾದೆಯಲ್ಲ. ಯಾವೂರು ಎಂದಳು. ಅವನ ಹೆಂಡತಿ ಚಿಮ್ಮಡದವಳೆಂದು ತಿಳಿಯಿತು. ಚಿಮ್ಮಡದಲ್ಲಿ ಸಿದ್ದಕ್ಕನ ನಾದಿನಿ ಇದ್ದಳು. ನಾದಿನಿಯ ಎಮ್ಮೆ ಈದ ಸುದ್ದಿ ಮುಗಿಯುವಷ್ಟರಲ್ಲಿ ಮೂವರು ಗಿರಾಕಿಗಳು ಬಂದು ಹೋಗಿದ್ದರು. ಶಿವಗಂಗವ್ವ ಹಿಂದಿನಿಂದ ಸೆರಗು ಜಗ್ಗಿದಳು.

"ಹಾಂ, ಈ ಹುಡುಗಿಗೆ ಹೊಲಿಗಿ..."

"ಹೊಲೀತೇನ್ರಿ. ಅಳತಿ ಕುಬಸ ಕೊಡ್ರಿ ಮದ್ಲ."

"ಅಲ್ಲೋ, ತಾನ ಹೊಲೀತಾಳಂತ. ಕಸಬು ಮಾಡ್ತಾಳಂತ."

ಕೃಷ್ಣಾಜಿ ಕತ್ತರಿ ಕೆಳಗಿಟ್ಟು ನಕ್ಕ. "ತಲಿದಿಂಬಿನ ಚೀಲಾ ಹೊಲಿಯಾಕ ಮಷೀನ್ ಯಾಕವಾ ತಂಗೀ? ಸೂಜಿ ಸಾಲದೇನು?"

ಅವನು ನಕ್ಕದ್ದಕ್ಕೆ ಸಿದ್ದಕ್ಕನೂ ನಕ್ಕುಬಿಟ್ಟಳು. ಶಿವಗಂಗವ್ವನ ಕಿವಿ ಬಿಸಿಯಾದವು. ಅಲ್ಲಿಗೆ ಜಮಖಂಡಿ ಮುಗಿಯಿತು.

ಮಹಾಲಿಂಗಪುರದಲ್ಲಿ ಸಂತೆಯ ದಿನ. ಬೆಲ್ಲದ ಪೆಂಟೆಗಳ ನಡುವೆ ದಾರಿ ಮಾಡಿಕೊಂಡು ಹೋದರೆ, ಅಲ್ಲಿನ ಮುದುಕ ದರ್ಜಿ ಚಸ್ಮಾದ ಮೇಲಿಂದ ನೋಡಿ, "ಅಳತಿ ಕುಬಸ?" ಎಂದ. ಇಲ್ಲವೆಂದಾಗ, "ಬರಿಗೈಲೆ ಬಂದ್ರ ನಾ ಏನ್ ಕನಸ ಕಾಣ್ಲಿ?" ಎಂದು ಮಷೀನು ತುಳಿಯತೊಡಗಿದ. ಸಿದ್ದಕ್ಕ ಈ ಸಲ ಬೇಗ ವಿಷಯಕ್ಕೆ ಬಂದಳು. ಮುದುಕ ಕೇಳಿದ, ಹುಡುಗಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ, ರನ್ನ ಬೆಳಗಲಿಯಲ್ಲಿ ತನ್ನ ತಂಗಿಯ ಮಗ, ಲಗ್ನಕ್ಕೆ ಬಂದ ಅಳಿಯನಿದ್ದಾನೆ, ಹೊಲ ಇದೆ ಎಂದ.

"ಬಾವಿ ಐತೇನ್ರಿ?" ಎಂದಳು ಸಿದ್ದಕ್ಕ.

ಬಾವಿ ಇತ್ತು, ಎತ್ತುಗಳಿದ್ದವು, ಅತ್ತೆ ಕಾಟದವಳಲ್ಲ. ಹುಡುಗನ ಹಲ್ಲು ಸ್ವಲ್ಪ ಮುಂದಿದ್ದವು ಎಂಬುದೂ ಹೊರಬಿತ್ತು. ಆ ಅಳಿಯನ ಬಗ್ಗೆ ತಿಳಿಯದೆ ಉಳಿದದ್ದು ಏನೂ ಇರಲಿಲ್ಲ. ಹೊಲಿಗೆಯ ಬಗ್ಗೆ ತಿಳಿದದ್ದು ಏನೂ ಇರಲಿಲ್ಲ.

"ಅತ್ತೀ, ನಾವು ಏನ್ ಕೇಳಾಕ ಬಂದಿದ್ದು?" ಗಾಡಿಯ ದಾರಿ ಕಾಯುತ್ತ ಶಿವಗಂಗವ್ವ ಹಲ್ಲು ಕಚ್ಚಿ ಕೇಳಿದಳು.

"ಸಿಟ್ಯಾಕಬೇ? ತಾನಾಗೇ ಬಂದ ಮಾತು ಬಿಡಾಕಾಕೈತೇನು?"

ಉಳಿದದ್ದು ಮುಧೋಳ. ಅಲ್ಲಿ ವತ್ಸಲಾಬಾಯಿ ಎಂಬವರು ಮನೆಯಲ್ಲೇ ಮಷೀನು ಇಟ್ಟಿದ್ದಾರೆಂದು ಕೇಳಿದ್ದರು. ಹೆಂಗಸು ಹೇಳದಿದ್ದರೆ ಇನ್ನು ಯಾರು ಹೇಳಬೇಕು? ಆದರೆ ಹೊಸ್ತಿಲು ದಾಟುವ ಮೊದಲೇ ಆಕೆಯ ಕಣ್ಣು ಇವರ ಬಗಲಲ್ಲಿದ್ದ ಬುತ್ತಿಯ ಗಂಟಿನ ಮೇಲೆ ಹೋಯಿತು.

"ದರ್ಜಿ ಮನಿ ಆ ಕಡೆ ಓಣ್ಯಾಗದರೀ. ಅಳತಿ ಕುಬಸ ತಂದೀರಲ್ಲ? ಇಲ್ಲಂದ್ರ ಅವ ಮಾತೇ ಆಡೂದಿಲ್ಲ."

ಶಿವಗಂಗವ್ವನಿಗೆ ಅಲ್ಲೇ ಕೂತು ಅಳಬೇಕೆನಿಸಿತು. ಸಿದ್ದಕ್ಕ ಬಿಡಿಸಿ ಹೇಳಿದಳು. ವತ್ಸಲಾಬಾಯಿ ಒಳಗೆ ಕರೆದು ಚಹಾ ಕೊಟ್ಟರು, ಅರಿಷಿಣ ಕುಂಕುಮ ಕೊಟ್ಟರು. ಮೂಲೆಯಲ್ಲಿ ಮಷೀನು ಕಸೂತಿಯ ಹೊದಿಕೆ ಹೊದ್ದು ಮಲಗಿತ್ತು.

"ನಾ ಬರೇ ಮಕ್ಕಳ ಅಂಗಿ, ಪರಕಾರ ಹೊಲೀತೀನಿ. ಹೊರಗಿನವರದು ಮಾಡಂಗಿಲ್ಲವಾ. ಮನೀಯವರಿಗೆ ಸೇರೂದಿಲ್ಲ. ನನ್ನ ಕುಬಸಾನೂ ದರ್ಜಿ ಕಡೇನೇ ಕಳಸ್ತೀನಿ."

ಸಿದ್ದಕ್ಕ ಆಗಲೇ ಬಾಯಿ ತೆರೆದಿದ್ದಳು, ಬಹುಶಃ ಯಾವ ಊರಿನ ಸೊಸೆ ಎಂದು ಕೇಳಲು. ಶಿವಗಂಗವ್ವ ವತ್ಸಲಾಬಾಯಿಯವರನ್ನೇ ನೋಡುತ್ತಿದ್ದಳು. ಚಹಾದ ಕಪ್ಪು-ಬಸಿ ಕೊಡುವಾಗ ಆಕೆ ಮೊಳಕೈಯನ್ನು ಪಕ್ಕೆಗೆ ಒತ್ತಿಕೊಂಡೇ ಕೊಟ್ಟಿದ್ದರು. ಕುಂಕುಮ ಹಚ್ಚುವಾಗ ಕೈ ಎತ್ತದೆ ತಾವೇ ಬಾಗಿದ್ದರು. ತೋಳಿನ ಬುಡದಲ್ಲಿ ಅರಿವೆ ಬಿಗಿದು, ಬೆನ್ನ ಮೇಲೆ ಸುಕ್ಕುಗಟ್ಟಿ ನಿಂತಿತ್ತು.

"ನಿಮ್ಮ ಕುಬಸದ ಅಳತಿ ಯಾರು ತಗೊಂಡ್ರಿ?" ದನಿ ತನ್ನದೇ ಎಂದು ಅವಳಿಗೆ ತಿಳಿಯುವ ಹೊತ್ತಿಗೆ ಮಾತು ಹೊರಬಿದ್ದಿತ್ತು.

ವತ್ಸಲಾಬಾಯಿ ನಕ್ಕರು. "ಛೀ ಹುಚ್ಚೀ, ಗಂಡಸು ಹೆಂಗ ತಗೋತಾನ? ಹಳೇದು ಕಳಸೂದು, ಅದರಂಗ ಹೊಲೀತಾನ."

"ಆ ಹಳೇದರದು?"

"ಅದಕ್ಕೂ ಹಿಂದಿಂದು. ಮದ್ಲಿಂದು ನಮ್ಮತ್ತಿಯವರದಿತ್ತು ನೋಡು. ನನ್ನ ಲಗ್ನದಾಗ ಅದನ್ನೇ ಅಳತೀಗೆ ಕೊಟ್ಟಿದ್ರು."

ಹೊರಡುವಾಗ ಇಬ್ಬರಿಗೂ ಕುಬಸಕ್ಕೆಂದು ಒಂದೊಂದು ಖಣದ ತುಂಡು ಉಡಿಗೆ ಹಾಕಿದರು. "ಹೊಲಿಸಿಕೋ ತಂಗೀ. ಅಳತಿ ಕುಬಸ ಮರೀಬ್ಯಾಡ."

ಬನಹಟ್ಟಿಗೆ ಬಂದಾಗ ಮುರಗೆಪ್ಪ ಕಟ್ಟೆಯ ಮೇಲೆ ಕೂತಿದ್ದ. ಸೀರೆಯ ಗಂಟು ಹೊತ್ತು ಸೊಲ್ಲಾಪುರಕ್ಕೆ ಹೋಗಿಬರುವವನು ಅವನೇ. ಮಾವನಿಗೆ ಮಾತು ಮುಟ್ಟಿಸಬೇಕಾದವನೂ ಅವನೇ. ಮರುದಿನ ಮುಂಜಾನೆ ಹೊರಡುವವನಿದ್ದ.

"ಏನಂದ್ರು?" ಪಾಂಡಪ್ಪ ಮಗ್ಗ ನಿಲ್ಲಿಸಿದ.

"ಏನೂ ಅನ್ಲಿಲ್ಲ ತಮ್ಮಾ," ಎಂದಳು ಸಿದ್ದಕ್ಕ. "ಒಬ್ಬಾಂವ ನಕ್ಕ. ಒಬ್ಬಾಂವ ವರಾ ತೋರ್ಸಿದ. ಆಕಿ ಚಾ ಕೊಟ್ಲು."

"ಅಂದ್ರ ಇಲ್ಲಂದಂಗಾತು."

"ಎಲ್ಲಾರೂ ಒಂದ ಮಾತು ಕೇಳಿದ್ರು," ಎಂದಳು ಶಿವಗಂಗವ್ವ. "ಅಳತಿ ಕುಬಸ ಎಲ್ಲೈತಿ ಅಂತ."

"ನಾ ಅವರೇನಂದ್ರು ಅಂತ ಕೇಳಾಕತ್ತೇನಿ. ಅವರೇನ್ ಕೇಳಿದ್ರು ಅಂತಲ್ಲ."

"ಅದ ಅಪ್ಪಾ..." ಇಡೀ ದಾರಿ ಜೋಡಿಸಿಕೊಂಡು ಬಂದಿದ್ದ ಮಾತು ಅಪ್ಪನ ಮುಖ ಕಂಡೊಡನೆ ತುಂಡುತುಂಡಾಯಿತು. ಹೆಂಗಸರು, ತೋಳು, ಹಳೆಯದಕ್ಕೂ ಹಳೆಯದು. ಇದನ್ನೆಲ್ಲ ಗಂಡಸಿಗೆ, ಅದೂ ಮುರಗೆಪ್ಪನ ಮುಂದೆ, ಹೇಗೆ ಹೇಳುವುದು? ಪಾಂಡಪ್ಪ ಲಾಳಿ ಕೈಗೆತ್ತಿಕೊಂಡ. "ಬ್ಯಾಡಂತ ಹೇಳಪಾ ಮುರಗೆಪ್ಪ."

ಸಿಟ್ಟಿಗೆ ಅವಳ ಕಣ್ಣು ತುಂಬಿದವು. ರಾಟೆಯ ಬಳಿ ಹೋಗಿ ಒಂದು ಎಳೆ ನೂಲು ಹರಿದುಕೊಂಡಳು. ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದ ಅತ್ತೆಯ ತೋಳಿನ ಸುತ್ತ ಹಾಕಿ ಅಳತೆ ಹಿಡಿದು, ಎಳೆಗೆ ಒಂದು ಗಂಟು ಹಾಕಿದಳು.

"ಏನ್ ಮಾಡಾಕತ್ತಿಬೇ?"

"ಕೈ ಮ್ಯಾಲೆ ಎತ್ತು."

"ಏಳಂಗಿಲ್ಲಬೇ ಅದು. ವಾತ."

"ವಾತ ಅಲ್ಲ. ಕುಬಸದ ಗುಂಡಿ ಬಿಚ್ಚು, ಆಮ್ಯಾಲೆ ಎತ್ತು."

ಸಿದ್ದಕ್ಕ ಗೋಡೆಗೆ ಮುಖ ಮಾಡಿ ಗುಂಡಿ ಬಿಚ್ಚಿದಳು. ಕೈ ಎತ್ತಿದಳು. ಅದು ತಲೆಯ ಮೇಲೆ ತೂಗುವ ನೆಲುವಿನ ಗಡಿಗೆ ಮುಟ್ಟುವವರೆಗೂ ಹೋಯಿತು. ಅವಳು ಅದನ್ನೇ ನೋಡುತ್ತ ನಿಂತಳು, ಬೇರೆ ಯಾರದೋ ಕೈ ಎಂಬಂತೆ. ಶಿವಗಂಗವ್ವ ಬೆನ್ನಿಗೊಂದು, ಹೆಗಲಿಗೊಂದು ಗಂಟು ಹಾಕುತ್ತ ಹೋದಳು.

ಆಮೇಲೆ ಸಿದ್ದಕ್ಕ ಸೆರಗು ಹೊದ್ದು ಹೊರಗೆ ಬಂದಳು.

"ಮುರಗೆಪ್ಪ, ಮಷೀನ್ ತಾ ಅಂತ ಹೇಳು."

"ಅಕ್ಕಾ, ದರ್ಜಿಗಳು ಏನೂ ಹೇಳ್ಲಿಲ್ಲ ಅಂತ ನೀನ ಅಂದಿ," ಎಂದ ಪಾಂಡಪ್ಪ.

"ಅವರಿಗೇನ್ ಗೊತ್ತೋ? ಅವರು ಕುಬಸ ಹಾಕ್ತಾರೇನು?"

ಪಾಂಡಪ್ಪ ಅಕ್ಕನ ಮುಖ ನೋಡಿದ, ಮಗಳ ಕೈಯಲ್ಲಿನ ಗಂಟುಗಳ ನೂಲು ನೋಡಿದ. "ಅರಿವಿ ಕೆಟ್ಟರ ಯಾರು ತುಂಬಿಕೊಡಬೇಕು?" ಎಂದ.

ಅದೇ ಪ್ರಶ್ನೆ. ಮೂರು ಊರು ತಿರುಗಿದರೂ ಉತ್ತರ ಸಿಕ್ಕಿರಲಿಲ್ಲ.

ಸಿದ್ದಕ್ಕ ತನ್ನ ಉಡಿಯೊಳಗಿದ್ದ ಖಣ ತೆಗೆದು ಶಿವಗಂಗವ್ವನ ಕೈಗೆ ತುರುಕಿದಳು. "ಮದ್ಲ ಇದನ್ನ ಕೆಡಿಸ್ಲಿ. ಆಮ್ಯಾಲೆ ನೋಡೂಣು."